ಬೀಳಿಸುವುದೇ ಕಸುಬು

ನನ್ನ ಸೋದರತ್ತೆ ಅಷ್ಟೆಲ್ಲ ಓದಿದ್ದು ಸಾಮಾನು ಬೀಳಿಸುವುದಕ್ಕೆ! ನಂಬಿಕೆ ಬರಲಿಲ್ಲವೇ? ನಮ್ಮ ಮಳವಳ್ಳಿಯಲ್ಲೂ ಯಾರೂ ನಂಬಲಿಲ್ಲ.

ಅವಳು ಕೆಲಸ ಮಾಡುವ ಕಡೆ ಎತ್ತರದ ಗೋಪುರವೊಂದಿದೆ. ಚಿಟಿಕೆಯಷ್ಟು ಅನಿಲವನ್ನು ಊಹಿಸಲಾರದಷ್ಟು ತಣ್ಣಗೆ ಮಾಡಿ, ಪೆಟ್ಟಿಗೆಯಲ್ಲಿಟ್ಟು, ಮೇಲಿಂದ ಬಿಡುತ್ತಾರೆ. ಬೀಳುವ ಆ ನಾಲ್ಕಾರು ಕ್ಷಣ ಒಳಗಿನ ಪರಮಾಣುಗಳಿಗೆ ಭಾರವೆಂಬುದೇ ಇಲ್ಲ. ಎಲ್ಲವೂ ಸೇರಿ ಒಂದೇ ಅಲೆಯಾಗಿ ತೇಲುತ್ತವಂತೆ. ಅದನ್ನು ನೋಡುವುದೇ ಅವಳ ಬದುಕು.

ಅತ್ತೆ ಊರಿಗೆ ಬಂದಾಗ, ಸುದ್ದಿ ಕೇಳಿ ಪಕ್ಕದ ಮನೆಯಾಕೆ ಓಡಿಬಂದಳು. "ನಿಮ್ದು ಗ್ಯಾಸ್ ಕೆಲ್ಸವಂತಲ್ಲವ್ವ, ನಮ್ಮನೆ ಒಲೆ ಸಣ್ಣಗೆ ಉರೀತದೆ, ಒಸಿ ನೋಡ್ಬುಡಿ."

"ನಂದು ತಣ್ಣಗಿರೋ ಗ್ಯಾಸು ಕಣಮ್ಮ, ಉರಿಯಾಕಿಲ್ಲ."

"ಉರೀದೆ ಇರೋ ಗ್ಯಾಸು ಯಾರ್ಗವ್ವ ಬೇಕು?"

ಅತ್ತೆ ಬೇಸರಪಟ್ಟಳೇ? ಎಲ್ಲಿಯ ಮಾತು! ಹೋಗಿ ಬರ್ನರ್ ಬಿಚ್ಚಿ, ಉಜ್ಜಿ ಕೊಟ್ಟು ಬಂದಳು.

ಇನ್ನೊಮ್ಮೆ ತೂತು ಕೊರೆದ ಬಾಟಲಿಗೆ ನೀರು ತುಂಬಿ ತಾರಸಿ ಹತ್ತಿದಳು. "ನೋಡ್ಲಾ, ಬೀಳೋವಾಗ ತೂತಿಂದ ನೀರು ಬರಾಕಿಲ್ಲ!" ಎಂದು ಬಾಟಲಿಯನ್ನು ಕೆಳಗೆ ಬಿಟ್ಟಳು. ನಿಜವಾಗಿಯೂ ಬರಲಿಲ್ಲ. ನೀರೆಲ್ಲ ಚಿಮ್ಮಿದ್ದು ನೆಲಕ್ಕೆ ಬಡಿದ ಮೇಲೆ, ಪೇಪರ್ ಓದುತ್ತಿದ್ದ ನಮ್ಮಪ್ಪನ ಮೈಮೇಲೆ!

"ಸಿವನಸಮುದ್ರದಲ್ಲಿ ನೀರು ಬಿದ್ರೆ ಕರೆಂಟಾದ್ರೂ ಬತ್ತದೆ, ನೀನು ಬೀಳ್ಸಿದ್ರೆ ಏನಮ್ಮಿ ಬತ್ತದೆ?" ಎಂದರು ಅಪ್ಪ, ಪೇಪರ್ ಹಿಂಡುತ್ತ.

ಈ ಸಲ ಬಿದ್ದದ್ದು ಅಜ್ಜಿ, ಅಂದರೆ ಅತ್ತೆಯ ತಾಯಿ. ಬಚ್ಚಲಲ್ಲಿ ಜಾರಿದಳು. ಮೂಳೆಗೇನೂ ಆಗಿಲ್ಲ, ನಡೆಸಿ, ಇಲ್ಲವಾದರೆ ಹಾಸಿಗೆ ಹಿಡಿದುಬಿಡುತ್ತಾರೆ ಎಂದರು ಡಾಕ್ಟರು. ತಿಂಗಳಾದರೂ ಅಜ್ಜಿ ಮಂಚ ಬಿಟ್ಟಿಳಿಯಲಿಲ್ಲ. "ತಿರ್ಗ ಬಿದ್ರೆ?" ಅದೊಂದೇ ಮಾತು. ನಮಗೆಲ್ಲ ದಿಗಿಲಾಗಿತ್ತು.

ಅತ್ತೆ ಬಂದವಳೇ ಮನೆಯ ಹಾಸಿಗೆ, ದಿಂಬು, ಕಂಬಳಿಗಳನ್ನೆಲ್ಲ ತಂದು, ಮಂಚದಿಂದ ಬಾಗಿಲವರೆಗೆ ದಾರಿಯ ಎರಡೂ ಬದಿಗೆ ಒಟ್ಟಿದಳು.

"ಅವ್ವ, ಪೆಟ್ಗೆ ಬಿಡೋಕ್ ಮುಂಚೆ ನಾವು ಕೆಳಗಡೆ ಮೆತ್ತಗೆ ಮಾಡಿರ್ತೀವಿ. ಬೀಳ್ಸೋದು ಒಂದ್ ಗಳ್ಗೆ. ಅದುಕ್ಕೆ ಪೆಟ್ಟಾಗದಂಗೆ ನೋಡ್ಕೊಳ್ಳೋದೇ ದಿನವೆಲ್ಲ ಕೆಲ್ಸ. ಏಳು."

"ಓಗಮ್ಮಿ, ನಿಂಗೆ ಬೀಳ್ಸೋದು ಬುಟ್ಟು ಇನ್ನೇನು ಬತ್ತದೆ?"

ಅತ್ತೆ ಎದುರಿಗೆ ನಿಂತು ಎರಡೂ ಕೈ ಚಾಚಿದಳು. ಅಷ್ಟು ಪೆಟ್ಟಿಗೆ ಬೀಳಿಸಿದ ಕೈಗಳು ಗಡಗಡ ನಡುಗುತ್ತಿದ್ದವು.

ಅಜ್ಜಿ ಅದನ್ನೇ ನೋಡಿದಳು.

"ಯಾಕಮ್ಮಿ ಇಂಗ್ ನಡುಗ್ತಿದ್ದೀಯ? ಬಿದ್ಗಿದ್ದೀಯ, ತಡಿ, ಬತ್ತೀನಿ" ಎಂದವಳೇ, ಮಗಳನ್ನು ಹಿಡಿದುಕೊಳ್ಳಲು ಮಂಚದಿಂದಿಳಿದು ನಡೆದೇ ಬಂದಳು.