ತತ್ತಿ ಕುಡಿದ ಪ್ರಿಂಟರು

ಮನೆಯ ವಸ್ತುವನ್ನು ಮನೆಯವರೇ ಎತ್ತಿಕೊಂಡರೆ ಅದು ಕಳ್ಳತನವಲ್ಲ ಎಂಬುದು ನನ್ನ ಬಹುದಿನದ ಅಭಿಪ್ರಾಯ. ಹೆಂಡತಿಯ ಅಭಿಪ್ರಾಯ ಬೇರೆ. ಇಳಕಲ್ಲಿನ ನೇಕಾರರ ಮನೆಯ ಮಗಳಾದ ಅವಳು, ಬಾಗಲಕೋಟೆಯ ನಮ್ಮ ಮನೆಯಲ್ಲಿ ಕೂತು ಕಸೂತಿಯ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಮುದ್ರಿಸಿ ತವರಿನ ಹೆಂಗಸರಿಗೆ ಬಸ್ಸಿನಲ್ಲಿ ಕಳಿಸುತ್ತಾಳೆ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಒಂದೇ ಹಾಳೆಯ ಮೇಲೆ ನೂರಾರು ಪ್ರೋಟೀನುಗಳ ಸಣ್ಣ ಚುಕ್ಕಿಗಳನ್ನಿಟ್ಟು, ಒಂದು ಹನಿ ರಕ್ತದಲ್ಲಿ ಹಲವು ರೋಗ ಹುಡುಕುವ ಮೈಕ್ರೋಅರೇ ಎಂಬುದೊಂದಿದೆ. ಆ ಚುಕ್ಕಿ ಇಡುವ ಯಂತ್ರ ಕೊಳ್ಳಬೇಕೆಂದರೆ ನಮ್ಮ ಕಾಲೇಜಿನ ಕಟ್ಟಡವನ್ನೇ ಮಾರಬೇಕು. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲೇ ಮಾಡಿ ತೋರಿಸುತ್ತೇನೆಂದು ಪ್ರಿನ್ಸಿಪಾಲರ ಮುಂದೆ ಜಂಬ ಕೊಚ್ಚಿಬಿಟ್ಟೆ. ಮನೆಯಲ್ಲಿದ್ದದ್ದು ಅವಳ ಪ್ರಿಂಟರು.

ಅವಳು ಬನಶಂಕರಿಯ ದರ್ಶನಕ್ಕೆ ಹೋದ ದಿನ ಕರಿ ಮಸಿಯ ಡಬ್ಬಿ ತೊಳೆದು, ಮೊಟ್ಟೆಯ ಬಿಳಿಭಾಗವನ್ನು ತೆಳುವಾಗಿಸಿ, ಸೋಸಿ ತುಂಬಿದೆ. ನಮ್ಮ ಮನೆಯಲ್ಲಿ ಮೊಟ್ಟೆಯ ಮಾತು ಕೂಡ ಹೊಸ್ತಿಲು ದಾಟಿದ್ದಿಲ್ಲ. ಪ್ರೋಟೀನು ಹಿಡಿದಿಡುವ ವಿಶೇಷ ಹಾಳೆಯನ್ನಿಟ್ಟು, ನೂರು ಚುಕ್ಕಿಗಳ ಚೌಕವೊಂದನ್ನು ಮುದ್ರಿಸಲು ಕೊಟ್ಟೆ. ಹಾಳೆ ಬಿಳಿಯಾಗಿಯೇ ಹೊರಬಂತು. ಬರಬೇಕಾದದ್ದೂ ಹಾಗೆಯೇ, ಪ್ರೋಟೀನು ಬರಿಗಣ್ಣಿಗೆ ಕಾಣುವುದಿಲ್ಲ.

ಮರುದಿನ ಪ್ರಿನ್ಸಿಪಾಲರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿ, ಚುಕ್ಕಿಗಳಿಗೆ ಬಣ್ಣ ಬರಿಸುವ ದ್ರಾವಣ ಸುರಿದೆ. ಮೊದಲು ನಾಲ್ಕು ಕಾಲು ಮೂಡಿದವು. ಆಮೇಲೆ ಹೊಟ್ಟೆ, ಸೊಂಡಿಲು, ಮೇಲೊಂದು ಅಂಬಾರಿ. ಬನಶಂಕರಿಗೆ ಹೊರಡುವ ಮುನ್ನ ಅವಳು ಮುದ್ರಿಸಲು ಕೊಟ್ಟಾಗ ಕರೆಂಟ್ ಹೋಗಿ ಕಂಪ್ಯೂಟರಿನಲ್ಲೇ ಉಳಿದುಬಿಟ್ಟಿದ್ದ ಕಸೂತಿಯ ಆನೆ, ನಾನು ಪ್ರಿಂಟರ್ ಹಚ್ಚಿದೊಡನೆ ನನ್ನ ಚೌಕಕ್ಕಿಂತ ಮುಂಚೆ ಹೊರಟುಬಂದಿತ್ತು.

“ಇದು ಯಾವ ರೋಗರೀ?” ಎಂದು ಪ್ರಿನ್ಸಿಪಾಲರು ಬಗ್ಗಿ ನೋಡಿದರು.

ನಾನು ಮನೆ ಮುಟ್ಟುವ ಮೊದಲೇ ‘ಸರ್ ಮೊಟ್ಟೆಯಲ್ಲಿ ಬರೆದ ಆನೆ’ ಎಂಬ ಫೋಟೊ ಅವಳ ಮೊಬೈಲು ಮುಟ್ಟಿತ್ತು. ಬೈಸಿಕೊಳ್ಳಲು ತಯಾರಾಗಿ ಒಳಹೊಕ್ಕೆ. ಅವಳು ಫೋಟೊ ಹಿಗ್ಗಿಸಿ ನೋಡುತ್ತಿದ್ದಳು.

“ನನ್ನ ಆನಿ ಸೊಂಡಿಲದಾಗ ಅಡ್ಡಕ ಒಂದು ಸಾಲ ಬಿದ್ದಿಲ್ಲ ನೋಡ್ರಿ. ಪ್ರಿಂಟರಿಂದು ಒಂದು ತೂತು ಕಟ್ಟೇತಿ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ನನ್ನ ಚುಕ್ಕಿಗಳ ನಡುವೆ ಹಾಗೆ ಖಾಲಿ ಉಳಿದದ್ದನ್ನು ಮುಂದೊಂದು ದಿನ ನಾನು ‘ರೋಗವಿಲ್ಲ’ ಎಂದೇ ಓದಿ, ರೋಗಿಯನ್ನು ನಗುನಗುತ್ತಾ ಮನೆಗೆ ಕಳಿಸುತ್ತಿದ್ದೆ. ಈಗ ಪ್ರತಿ ಹಾಳೆಯ ಮೂಲೆಯಲ್ಲೂ ಅವಳ ಆನೆ ನಿಲ್ಲುತ್ತದೆ. ಸೊಂಡಿಲು ಪೂರ್ತಿಯಿದ್ದರೆ ಮಾತ್ರ ಉಳಿದ ಚುಕ್ಕಿಗಳನ್ನು ನಂಬುತ್ತೇವೆ. ಹಳೆಯ ಪ್ರಿಂಟರು ಕಾಲೇಜಿಗೆ ಹೋಯಿತು, ಅವಳಿಗೆ ಹೊಸದು ಬಂತು. ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಮೊನ್ನೆ ರೊಟ್ಟಿ ಬಡಿಯುತ್ತಾ, ತಲೆಯೆತ್ತದೆ ಕೇಳಿದಳು:

“ತತ್ತಿದು ಬಿಳೀದು ಪ್ರಿಂಟರಿಗೆ ಹೋತು, ಖರೆ. ಹಳದಿ ಎಲ್ಲಿ ಹೋತ್ರಿ?”

ಉಪ್ಪು, ಖಾರಪುಡಿ ಉದುರಿಸಿ ಹುರಿದುಕೊಂಡು ತಿಂದಿದ್ದೆ. ಪ್ರೋಟೀನು ಬರಿಗಣ್ಣಿಗೆ ಕಾಣುವುದಿಲ್ಲ ಎಂದು ಇಷ್ಟು ವರ್ಷ ಪಾಠ ಹೇಳಿದವನು, ರೊಟ್ಟಿ ಮುರಿಯುವುದು ಬಿಟ್ಟು ಬಾಯಿ ಒರೆಸಿಕೊಂಡೆ.