ಮುಂದೆ ನೋಡಿಕೊಂಡು ಹೋದ ಕಂಡಕ್ಟರ್

ನಮ್ಮ ಕಡೆ ಕೆಲಸವಿಲ್ಲದೆ ಮೋಟರ್ ಸೈಕಲ್ ಹತ್ತಿದವನಿಗೆ ಏನಾದರೊಂದು ಆಗದೆ ಇರುವುದಿಲ್ಲ. ನನಗಂತೂ ಒಂದು ರಜೆಯೂ ತಪ್ಪಲಿಲ್ಲ.

ನಾನು ಬಸ್ ಕಂಡಕ್ಟರ್. ಯಲಬುರ್ಗಾದಿಂದ ಬೇವೂರಿನ ಮೇಲೆ ಕುಷ್ಟಗಿಗೆ ಹೋಗುವ ಹಳೇ ರಸ್ತೆಯಲ್ಲಿ ಇಪ್ಪತ್ತಾರು ವರ್ಷ ಓಡಾಡಿದ್ದೇನೆ, ಆದರೆ ಮುಖ ಹಿಂದಕ್ಕೆ ಮಾಡಿಕೊಂಡು. ಜನರ ಕೈ, ಚೀಲ, ಕೋಳಿ ನೋಡಿದ್ದೇನೆಯೇ ಹೊರತು ರಸ್ತೆ ನೋಡಿಲ್ಲ. ನಿಜಾಮರ ಕಾಲದ ರಸ್ತೆ ಅದು. ಎರಡೂ ಬದಿಗೆ ಹುಣಸೆಮರಗಳು ಮೇಲೆ ಕೂಡಿಕೊಂಡು ಚಪ್ಪರ ಹಾಕಿವೆ ಎಂದು ಡ್ರೈವರ್ ಹೇಳುತ್ತಿದ್ದ. ಈಗ ರಸ್ತೆ ಅಗಲ ಮಾಡುತ್ತಾರಂತೆ, ಮರಗಳಿಗೆಲ್ಲ ಬಣ್ಣದಲ್ಲಿ ನಂಬರ್ ಬರೆದಿದ್ದಾರೆ. ಕೊಡಲಿ ಬೀಳುವ ಮೊದಲು ಒಂದೇ ಒಂದು ಸಲ, ಕೆಲಸವಿಲ್ಲದೆ, ಮುಂದೆ ನೋಡಿಕೊಂಡು ಹೋಗಬೇಕು ಅನ್ನಿಸಿತು. ತಿಂಗಳೊಪ್ಪತ್ತಿನಲ್ಲಿ ಕೆಲಸ ಶುರುವಂತೆ. ನನಗಿದ್ದದ್ದು ವಾರಕ್ಕೊಂದರಂತೆ ನಾಲ್ಕು ರಜೆ.

ಮೊದಲನೇ ರಜೆ

ಗಾಡಿ ಒರೆಸುತ್ತಿದ್ದಾಗ ಹೆಂಡತಿ ಬಂದಳು.

"ಎಲ್ಲಿಗೆ ಹೊಂಟ್ರಿ?"

"ಸುಮ್ಮನ."

"ಸುಮ್ಮನ ಅಂದ್ರ ಎಲ್ಲಿಗೆ?"

"ರಸ್ತಾ ನೋಡಾಕ."

"ದಿನಾ ಅದರಾಗ ಸಾಯ್ತೀರಿ, ಇನ್ನೇನ್ ನೋಡೋದೈತಿ?"

ಇದಕ್ಕೆ ಉತ್ತರ ಕೊಡಲು ಹೋದರೆ ಮಧ್ಯಾಹ್ನವಾಗುತ್ತದೆ ಎಂದು ಗಾಡಿ ಒರೆಸುವುದನ್ನೇ ಮುಂದುವರಿಸಿದೆ. ಅವಳು ಒಳಗೆ ಹೋಗಿ ಜೋಳದ ಚೀಲ ತಂದು ಹಿಂದಿನ ಸೀಟಿನ ಮೇಲಿಟ್ಟಳು. "ಹೆಂಗೂ ಸುಮ್ಮನ ಹೊಂಟೀರಿ, ಗಿರಣಿಗೆ ಹಾಕ್ಸಿಕೊಂಡು ಬರ್ರಿ."

ಗಿರಣಿಗೆ ಹೋದರೆ ಕರೆಂಟಿಲ್ಲ. ಬಂತು, ಹೋಯಿತು. ಮತ್ತೆ ಬಂದಾಗ ನನ್ನ ಮುಂದೆ ಹನ್ನೊಂದು ಚೀಲಗಳಿದ್ದವು. ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದೆ. ಸಂಜೆ ತಲೆಯಿಂದ ಕಾಲಿನ ತನಕ ಹಿಟ್ಟು ಮೆತ್ತಿಕೊಂಡು ಮನೆಗೆ ಬಂದೆ.

ಹೆಂಡತಿ ನೋಡಿದಳು. "ನೋಡ್ರಿ, ಒಂದಿನ ತಿರುಗಾಡಿ ಬಂದ್ರ ಮಾರಿ ಎಷ್ಟು ಬೆಳ್ಳಗಾಗೇತಿ" ಅಂದಳು.

ಎರಡನೇ ರಜೆ

ಈ ಸಲ ಹೆಂಡತಿ ಏಳುವ ಮೊದಲೇ ಗಾಡಿ ತಳ್ಳಿಕೊಂಡು ಓಣಿ ದಾಟಿ ಸ್ಟಾರ್ಟ್ ಮಾಡಿದೆ. ಊರು ಬಿಟ್ಟು ಸ್ವಲ್ಪ ದೂರ ಹೋಗಿದ್ದೆ. ಬೇವಿನಮರದ ಕೆಳಗೆ ಒಬ್ಬಳು ಅಜ್ಜಿ ಕೈ ಮಾಡಿದಳು. ಕೈ ಕಂಡರೆ ನಿಲ್ಲಿಸುವುದು ನನಗೆ ರಕ್ತದಲ್ಲೇ ಬಂದುಬಿಟ್ಟಿದೆ. ಅಜ್ಜಿ ಹತ್ತಿದಳು, ಗಂಟು ಮಡಿಲಲ್ಲಿ ಇಟ್ಟುಕೊಂಡಳು, ನನ್ನ ಹೆಗಲು ಹಿಡಿದಳು. "ರೈಟ್" ಅಂದಳು.

ಹತ್ತು ಮಾರು ಹೋಗಿಲ್ಲ, ಕಣ್ಣಿಗೆ ಏನೋ ಅಡ್ಡ ಬಂತು. ಆಧಾರ್ ಕಾರ್ಡು. ಹೆಂಗಸರಿಗೆ ಬಸ್ ಪುಕ್ಕಟೆಯಾದಾಗಿನಿಂದ ಆ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಚೀಟಿ ಕೊಡುವುದು ನಮ್ಮ ಕೆಲಸ.

"ಅಜ್ಜೀ, ತಗೀರಿ, ರಸ್ತಾ ಕಾಣವಲ್ದು. ಇದು ಬಸ್ಸಲ್ಲ, ನನ್ನ ಸ್ವಂತ ಗಾಡಿ."

"ಕಂಡಕ್ಟರ್ ನೀನ ಹೌದಲ್ಲೋ?"

"ಹೌದ್ರಿ."

"ಮತ್ತ?"

ಕಾರ್ಡು ನೋಡಿದಂತೆ ಮಾಡಿ ಗಾಡಿ ಮುಂದೆ ಓಡಿಸಿದೆ. ಅವಳ ಊರು ದೊಡ್ಡ ರಸ್ತೆ ಬಿಟ್ಟು ಒಳಗೆ, ಎರೆಮಣ್ಣಿನ ದಾರಿ. ಹಿಂದಿನ ದಿನ ಮಳೆಯಾಗಿತ್ತು. ಗಾಡಿಯ ಚಕ್ರಕ್ಕೆ ಮಣ್ಣು ಮೆತ್ತಿ, ಇಳಿದು ಕಡ್ಡಿಯಿಂದ ಕೆರೆದು, ಮತ್ತೆ ಹತ್ತಿ, ಅಂತೂ ಮಧ್ಯಾಹ್ನದ ಹೊತ್ತಿಗೆ ಅವಳ ಮನೆ ಮುಟ್ಟಿಸಿದೆ. ನನ್ನ ರಜೆ ಅಲ್ಲಿಗೆ ಮುಗಿಯಿತು. ಅಜ್ಜಿ ಇಳಿದವಳು ಹೋಗಲಿಲ್ಲ. ಕೈ ಚಾಚಿ ನಿಂತಳು.

"ಏನ್ರೀ ಅಜ್ಜಿ?"

"ಚೀಟಿ ಕೊಡಪ. ಚೆಕಿಂಗ್‌ನವ್ರು ಬಂದ್ರ ನನಗೇನಾಗಂಗಿಲ್ಲ, ನಿನ್ನ ನೌಕರಿ ಹೊಕ್ಕೈತಿ."

ಮೂರನೇ ರಜೆ

ಬೇವೂರು ದಾಟಿದೆ. ಮರದ ಸಾಲು ಇನ್ನೂ ಮುಂದಿತ್ತು. ರಸ್ತೆ ಬದಿಯಲ್ಲಿ ಉರ್ದು ಅಕ್ಷರ ಕೆತ್ತಿದ ಹಳೇ ಮೈಲುಗಲ್ಲು ಕಂಡಿತು. ಎಷ್ಟು ವರ್ಷದಿಂದ ನನ್ನ ಬೆನ್ನ ಹಿಂದೆ ಹಾದುಹೋಗಿದೆಯೋ, ಪಾಪ ಅನ್ನಿಸಿ ಇಳಿದೆ. ಗೇಣು ಹಾಕಿ ಎತ್ತರ ನೋಡಿದೆ, ಮೊಬೈಲಿನಲ್ಲಿ ಒಂದು ಫೋಟೋ ಹೊಡೆದೆ.

ತಪ್ಪಾಗಿದ್ದೇ ಅಲ್ಲಿ. ಎಡಗಡೆ ಹೊಲದಿಂದ ಒಬ್ಬ ಓಡಿಬಂದ, ಬಲಗಡೆ ಹೊಲದಿಂದ ಇನ್ನೊಬ್ಬ. ಅಣ್ಣ ತಮ್ಮಂದಿರಂತೆ. ಮಾತು ಬಿಟ್ಟು ಬಹಳ ವರ್ಷವಾಗಿತ್ತಂತೆ.

ಅಣ್ಣ ಕೈ ಮುಗಿದ. "ಸಾಹೇಬ್ರ, ಅಗಲ ಮಾಡೋದಿದ್ರ ಆ ಕಡೆ ಮಾಡ್ರಿ. ಆ ಕಡೆ ಭೂಮಿ ಭಾಳ ಮೆತ್ತಗೈತಿ."

ತಮ್ಮ ನೀರಿನ ತಂಬಿಗೆ ಮುಂದಿಟ್ಟ. "ಈ ಕಡೆ ಬ್ಯಾಡ್ರಿ ಸಾಹೇಬ್ರ, ಬಂಡಿಗಲ್ಲು ಐತಿ. ಆ ಕಡೆ ಸಪಾಟ ಐತಿ ನೋಡ್ರಿ."

"ಅಪ್ಪಾ, ನಾನು ಅಳತಿಯವನಲ್ಲ, ಕಂಡಕ್ಟರ್."

"ಕಂಡಕ್ಟರ್ ಆದ್ರ ಬಸ್ ಎಲ್ಲೈತ್ರಿ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಅಷ್ಟು ವರ್ಷದ ಮೇಲೆ ಅವರ ಬಾಯಲ್ಲಿ ಒಂದೇ ಮಾತು ಬಂದದ್ದು ಅದೇ ಇರಬೇಕು. ಇಬ್ಬರ ಮನೆಯಲ್ಲೂ ಚಹಾ ಕುಡಿದು, ಇಬ್ಬರ ಹೊಲವನ್ನೂ ಸುತ್ತಿ ನೋಡಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಕಾಲು ಸೋತು ಅಲ್ಲಿಂದಲೇ ಗಾಡಿ ತಿರುಗಿಸಿದೆ.

ಮರುದಿನ ಬಸ್ಸಿನ ಬಾಗಿಲಿಂದ ಬಗ್ಗಿ ನೋಡಿದರೆ ಕಲ್ಲು ಹತ್ತು ಹೆಜ್ಜೆ ತಮ್ಮನ ಹೊಲದ ಒಳಗಿತ್ತು. ಅದರ ಮರುದಿನ ರಸ್ತೆ ದಾಟಿ ಅಣ್ಣನ ಹೊಲಕ್ಕೆ ಹೋಗಿತ್ತು. ನಿಜಾಮರ ಕಾಲದಿಂದ ಅಲ್ಲಾಡದ ಕಲ್ಲು ಆ ವಾರ ನನಗಿಂತ ಹೆಚ್ಚು ತಿರುಗಾಡಿತು.

ಕೊನೇ ರಜೆ

ಇದೂ ಹೋದರೆ ಮರಗಳೂ ಹೋದವು ಎಂದೇ ಲೆಕ್ಕ. ಬೇವೂರಿನ ಚಹಾದಂಗಡಿಯವನು "ಎಲ್ಲಿಗ್ರೀ?" ಅಂದ. ಸುಮ್ಮನೆ ಎಂದು ಹೇಳಿ ಹೇಳಿ ನನಗೆ ಸಾಕಾಗಿಹೋಗಿತ್ತು. "ಹೆಣ್ಣು ನೋಡಾಕ" ಎಂದುಬಿಟ್ಟೆ. ಅವನು ತೃಪ್ತಿಯಿಂದ ತಲೆಯಾಡಿಸಿದ. ಇಷ್ಟು ಸುಲಭವೇ ಎಂದುಕೊಂಡು ಹೊರಟೆ.

ಮುಂದಿನ ಊರಿನ ಅಗಸಿ ಬಾಗಿಲಲ್ಲಿ ನಾಲ್ಕು ಜನ ನನ್ನ ಗಾಡಿಗೆ ಅಡ್ಡ ನಿಂತಿದ್ದರು. ನನಗಿಂತ ಮೊದಲೇ ಅಂಗಡಿಯವನ ಫೋನು ಬಂದಿತ್ತು. ಅವನ ಸಂಬಂಧಿಕರ ಮನೆಯಲ್ಲಿ ಒಂದು ಹೆಣ್ಣಿತ್ತು.

ಜಮಖಾನ ಹಾಸಿದ್ದರು. ಕಾಲಿಗೆ ನೀರು ಕೊಟ್ಟರು. ನಾನು ಬಾಯಿ ತೆರೆದಾಗಲೆಲ್ಲ ಅದರೊಳಗೆ ಶಿರಾ ಹೋಗುತ್ತಿತ್ತು. ಹುಡುಗಿ ಚಹಾ ತಂದಿಟ್ಟು ನಮಸ್ಕಾರ ಮಾಡಿದಳು. ಹುಡುಗಿಯ ಅಪ್ಪ ಕೇಳಿದ, "ನಿಮ್ಮ ಹುಡುಗ ಏನ್ ಮಾಡ್ತಾನ್ರಿ?"

ಇನ್ನು ಸುಳ್ಳು ಹೇಳಿದರೆ ಪಾಪ ತಟ್ಟುತ್ತದೆ. "ನನಗ ಗಂಡಮಕ್ಕಳ ಇಲ್ರಿ. ಎರಡೂ ಹೆಣ್ಣು, ಎರಡರದೂ ಮದುವಿ ಆಗೇತಿ. ತಪ್ಪಾತ್ರಿ" ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಮುಖ ತೋರಿಸಲು ನಾಚಿಕೆಯಾಯಿತು.

ಅಪ್ಪನ ಮುಖ ಕೆಂಪಾಯಿತು. ಹುಡುಗಿ ಮಾತ್ರ "ಛಲೋ ಆತು ಬಿಡ್ರಿ, ನನ್ನ ಪರೀಕ್ಷಾ ಇನ್ನೂ ಅದಾವು" ಎಂದು ನನ್ನ ತಟ್ಟೆಗೆ ಮತ್ತೊಂದು ಚಮಚ ಶಿರಾ ಹಾಕಿದಳು.

ಮೂಲೆಯಲ್ಲಿ ಗೋಡೆಗೆ ಒರಗಿ ಅವಳ ಅಜ್ಜ ಕೂತಿದ್ದ. ಎಂಬತ್ತು ದಾಟಿರಬೇಕು. ನನ್ನ ಮಾತು ಕೇಳಿ ಕತ್ತು ಮುಂದೆ ಚಾಚಿದ.

"ಅಂದ್ರ ಆ ಹುಣಸಿಗಿಡ ನೋಡಾಕಷ್ಟ ಹೊಂಟೀರಿ?"

"ಹೌದ್ರಿ."

"ಅವನ್ನ ನೀರು ಹಾಕಿ ಬೆಳೆಸಿದವ ನಮ್ಮಪ್ಪ. ಕಡಿತಾರಂತ ಗೊತ್ತಾದ ದಿನದಿಂದ ಒಮ್ಮೆ ಹೋಗಬೇಕಂತೀನಿ, ಯಾಕಂತ ಕೇಳ್ತಾರ, ಯಾರೂ ಕರ್ಕೊಂಡ್ ಹೋಗವಲ್ರು." ಕೋಲು ಊರಿ ಎದ್ದ, ರುಮಾಲು ಸುತ್ತಿಕೊಂಡ, ನಾನು ಹೊರಗೆ ಬಂದು ಗಾಡಿ ಹತ್ತುತ್ತಲೇ ಹಿಂದೆ ಬಂದು ಕೂತ. "ಸ್ವಲ್ಪ ಮುಂದ ಸರೀರಿ."

ಒಬ್ಬನೇ ಹೋಗುವ ಆಸೆ ಅಲ್ಲಿಗೆ ಮುಗಿಯಿತು. ಬೇಸರವೇನೂ ಆಗಲಿಲ್ಲ. ತಿರುವು ದಾಟಿದ ಮೇಲೆ ಮರಗಳು ಬಂದವು. ಡ್ರೈವರ್ ಹೇಳಿದ್ದು ಕಡಿಮೆಯೇ. ಬಿಸಿಲು ಎಲೆಗಳಲ್ಲಿ ಸೋಸಿಕೊಂಡು ರಸ್ತೆಗೆ ಬೀಳುತ್ತಿತ್ತು, ಗಾಳಿಗೆ ಹುಳಿಹುಳಿ ವಾಸನೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ರಸ್ತೆ ನನ್ನ ಎದುರಿಗೆ ಬರುತ್ತಿತ್ತು. ಕಣ್ಣು ತುಂಬಿ ಬಂತು. ಹಿಂದೆ ಅಜ್ಜ ಒಂದೊಂದೇ ಮರದ ನಂಬರ್ ಓದುತ್ತಿದ್ದ.

ಎದುರಿಗೆ ಟ್ರ್ಯಾಕ್ಟರಿನವನೊಬ್ಬ ರಸ್ತೆ ತುಂಬ ಅಡ್ಡ ನಿಲ್ಲಿಸಿದ. "ಯಜಮಾನ್ರ, ಎಲ್ಲಿಗೆ ಹೊಂಟ್ರಿ?"

ನಾನು ಬ್ರೇಕ್ ಹಾಕಿದೆ. ಅಜ್ಜ ತಲೆಯನ್ನು ನನ್ನ ಬೆನ್ನಿಗೆ ಒರಗಿಸಿ, ಕಣ್ಣು ಅರ್ಧ ಮುಚ್ಚಿ, ಸಣ್ಣ ಧ್ವನಿಯಲ್ಲಿ ಅಂದ, "ದವಾಖಾನಿಗೆ."

ಟ್ರ್ಯಾಕ್ಟರ್ ಹೊಲಕ್ಕಿಳಿದು ದಾರಿ ಬಿಟ್ಟಿತು. "ಲಗೂನ ಹೋಗ್ರಿ, ಲಗೂನ" ಎಂದು ಅವನು ಕೈ ಬೀಸಿದ.

ಅವನು ಮರೆಯಾಗುವ ತನಕ ಅಜ್ಜ ಹಾಗೆಯೇ ಒರಗಿದ್ದ. ಆಮೇಲೆ ನೆಟ್ಟಗೆ ಕೂತು, ನನ್ನ ಹೆಗಲು ತಟ್ಟಿದ.

"ಹಂಗಂದ್ರ ಯಾರೂ ಮುಂದ ಕೇಳಂಗಿಲ್ಲ. ಈಗ ಸಾವಕಾಶ ಹೊಡೀರಿ."