ಚೂಡಿ ಡಬ್ಬಿಯ ಗಿರಾಕಿಗಳು

ಹೈದರಾಬಾದಿನ ಉಪ್ಪಲ್‌ನ ಒಂದು ಗಲ್ಲಿಯಲ್ಲಿ ನನ್ನ ಲೇತ್ ಇದೆ. ತಿರುವಿ ಮುಚ್ಚುವ ಮರದ ಡಬ್ಬಿ ಮಾಡುತ್ತೇನೆ. ಡಬ್ಬಿಯ ಕೊರಳಿಗೂ ಮುಚ್ಚಳದ ಒಳಗೂ ಬೇಕಾದ ಸುತ್ತುಗೆರೆಯನ್ನು ಹಲ್ಲಿರುವ ಉಳಿ ಹಿಡಿದು ಕೈಯಿಂದಲೇ ಕೊರೆಯುವುದು. ಮರ ತಿರುಗುತ್ತಿರುವಾಗ ಉಳಿಯನ್ನು ಒಂದೇ ಹದದಲ್ಲಿ ಸರಿಸಬೇಕು; ಕೈ ತಡವರಿಸಿದರೆ ಡಬ್ಬಿ ಹೋಯಿತು. ಮೈಯೆಲ್ಲ ಕಣ್ಣಾಗಿ ಮಾಡುವ ಕೆಲಸ. ಆದರೆ ನನ್ನ ಗಿರಾಕಿಗಳು ನನ್ನನ್ನು ಗಂಭೀರವಾಗಿರಲು ಬಿಟ್ಟರೆ ತಾನೆ.

ಬೋರ್ಡ್ ನೋಡಿ ಬಂದವರು

ಹೈದರಾಬಾದಿನಲ್ಲಿ ಈ ಸುತ್ತುಗೆರೆಗೆ ಚೂಡಿ ಅನ್ನುತ್ತಾರೆ. ಬಳೆಗೂ ಚೂಡಿಯೇ. ಅಂಗಡಿ ತೆರೆದ ಹೊಸತರಲ್ಲಿ ‘ಚೂಡಿ ಕಟಿಂಗ್’ ಎಂದು ದೊಡ್ಡದಾಗಿ ಬರೆಸಿದ್ದೆ. ಒಂದು ಮಧ್ಯಾಹ್ನ ಗಂಡ ಹೆಂಡತಿ ಆಟೋದಿಂದ ಇಳಿದರು.

“ಭಯ್ಯಾ, ಚೂಡಿ ಕಾಟನಾ ಹೈ,” ಚೂಡಿ ಕತ್ತರಿಸಬೇಕು ಅಂದರು ಗಂಡ.

“ಡಬ್ಬಾ ಕಹಾಂ ಹೈ?” ಡಬ್ಬಿ ಎಲ್ಲಿ ಅಂದೆ.

“ಇವ್ರ್ಯಾಕ ಡಬ್ಬಿ ಕೇಳಾಕತ್ತಾರ?” ಎಂದು ಹೆಂಡತಿ ಗಂಡನ ಕಿವಿಯಲ್ಲಿ ಹೇಳಿದ್ದು ಕೇಳಿ, ನಮ್ಮ ಉತ್ತರ ಕರ್ನಾಟಕದ ಕಡೆಯವರೇ ಎಂದು ಗೊತ್ತಾಯಿತು. ಆಮೇಲೆ ಆಕೆಯ ಕೈ ನೋಡಿದೆ. ಎಲ್ಲೋ ಬಿದ್ದು ಮಣಿಕಟ್ಟು ಊದಿಕೊಂಡು, ಚಿನ್ನದ ಬಳೆ ಅಲ್ಲೇ ಸಿಕ್ಕಿಕೊಂಡಿತ್ತು. ತಾಯಿ ಕೊಟ್ಟ ಬಳೆಯಂತೆ; ಕತ್ತರಿಸುವ ಮಾತಿಗೇ ಅವರ ಕಣ್ಣು ತುಂಬಿತ್ತು.

“ಕತ್ತರಸೋದು ಬ್ಯಾಡ್ರಿ ಅಕ್ಕಾರ, ಕೂಡ್ರಿ,” ಎಂದು ಕೈ ಮೇಲೆತ್ತಿಸಿ ಕೂಡಿಸಿದೆ. ಊತ ಸ್ವಲ್ಪ ಇಳಿದ ಮೇಲೆ ಡಬ್ಬಿಗೆ ಹಚ್ಚುವ ಅಗಸೆ ಎಣ್ಣೆ ಸವರಿ, ಮುಚ್ಚಳ ಬಿಚ್ಚಿದಂತೆ ನಿಧಾನವಾಗಿ ತಿರುಗಿಸುತ್ತ ಬಳೆ ಇಳಿಸಿದೆ.

ಇದನ್ನೆಲ್ಲ ನೋಡುತ್ತಿದ್ದ ಗಂಡ ತಮ್ಮ ಬೆರಳು ಚಾಚಿದರು. “ಈ ಮದುವಿ ಉಂಗುರನೂ ಭಾಳ ವರ್ಷದಿಂದ ಹೊರಗ ಬಂದಿಲ್ರಿ. ಹಂಗ ಒಂದೀಟು ಎಣ್ಣಿ ಹಚ್ಚಿ ನೋಡ್ರಿ.”

ಹೆಂಡತಿ ಎಣ್ಣೆಯ ಸೀಸೆಗೆ ಬಿರಡೆ ಹಾಕಿ ನನ್ನ ಕಡೆ ಸರಿಸಿದರು. “ಉಂಗುರ ಅಲ್ಲೇ ಇರಲಿ.”

ಜೋಡಿ ಕೂಡಿಸಿದ್ದು

ಕೈಯಿಂದ ಕೊರೆದದ್ದಾದ್ದರಿಂದ ಒಂದು ಡಬ್ಬಿಯ ಮುಚ್ಚಳ ಇನ್ನೊಂದಕ್ಕೆ ಕೂಡುವುದಿಲ್ಲ. ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್‌ನಲ್ಲಿ ಮಳಿಗೆ ಹಾಕಿದಾಗ, ಒಂದು ದೊಡ್ಡ ಕುಟುಂಬ ಬಂದು ಎಲ್ಲ ಡಬ್ಬಿಗಳನ್ನೂ ತೆರೆದು, ಮೂಸಿ, ಮುಚ್ಚಳಗಳನ್ನು ಗುಡ್ಡೆ ಹಾಕಿ ಮಿರ್ಚಿ ಬಜ್ಜಿ ತಿನ್ನಲು ಹೋಯಿತು. ನಾನು ಒಂದೊಂದಾಗಿ ಹೊಂದಿಸುತ್ತಾ ಕೂತೆ. ಪಕ್ಕದ ಮಳಿಗೆಯ ಸೀರೆ ಅಂಗಡಿಯವರ ಅತ್ತೆ ಕನಿಕರಪಟ್ಟು ಬಂದರು. ಬೀದರ್ ಕಡೆಯವರು, ಸಂಬಂಧ ಕುದುರಿಸುವುದರಲ್ಲಿ ಹೆಸರಾದವರು.

“ಜೋಡಿ ಕೂಡ್ಸೋದು ನಂಗ ಬಿಡ್ರಿ,” ಎಂದು ಒಂದು ಮುಚ್ಚಳ ಎತ್ತಿ ಒಂದು ಡಬ್ಬಿಯ ಮೇಲಿಟ್ಟು ಬಲವಾಗಿ ತಿರುವಿದರು. ಕಿರ್ ಎಂದಿತು.

“ಅಮ್ಮಾ, ಅದು ಅದರದಲ್ಲ,” ಅಂದೆ.

“ಮೊದಲ ಹಿಂಗೇ ಕಿರಗುಡತಾವ. ಆಮ್ಯಾಲ ಹೊಂದ್ಕೋತಾವ,” ಎಂದು ಇನ್ನೊಂದು ಸುತ್ತು ಬಿಗಿದರು.

ಹೊಂದಿಕೊಂಡಿದೆ. ಆ ಡಬ್ಬಿಯನ್ನು ಇವತ್ತಿನವರೆಗೂ ಯಾರಿಗೂ ಬಿಚ್ಚಲು ಆಗಿಲ್ಲ.

ಉಲ್ಟಾ ಚೂಡಿ

ತಾರ್ನಾಕದಿಂದ ಒಬ್ಬ ಹೆಣ್ಣುಮಗಳು ಬಂದರು, ನಿವೃತ್ತ ಶಾಲಾ ಶಿಕ್ಷಕಿ. ಗಂಡನಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಸಿಹಿ ಎಲ್ಲಿಟ್ಟರೂ ಹುಡುಕಿ ತಿನ್ನುತ್ತಾರೆ. ಕಳೆದ ತಿಂಗಳು ಡಾಕ್ಟರು ಇಬ್ಬರನ್ನೂ ಕೂಡಿಸಿಕೊಂಡು ಬೈದಿದ್ದರಂತೆ.

“ಅವ್ರಿಗೆ ತೆಗೀಲಿಕ್ಕೆ ಬರಬಾರ್ದು, ಅಂಥಾ ಡಬ್ಬಿ ಮಾಡಿಕೊಡ್ರಿ,” ಅಂದರು.

ಯೋಚಿಸಿ, ಗೆರೆಯನ್ನು ತಿರುಗುಮುರುಗಾಗಿ ಕೊರೆದೆ. ಎಲ್ಲರೂ ಬಿಚ್ಚುವ ದಿಕ್ಕಿಗೆ ತಿರುವಿದರೆ ಇದು ಬಿಗಿಯುತ್ತದೆ. ಆಕೆ ಗುಟ್ಟು ಕಲಿತು, ಬರ್ಫಿ ತುಂಬಿಡುತ್ತೇನೆಂದು ಖುಷಿಯಿಂದ ಹೋದರು.

ಕೆಲವು ದಿನಗಳಾದ ಮೇಲೆ ಗಂಡ ಅದೇ ಡಬ್ಬಿ ಹಿಡಿದು ಬಂದರು. ಜಗಳಕ್ಕೇ ಬಂದರೆಂದುಕೊಂಡು ಎದ್ದು ನಿಂತೆ.

“ಕೂಡ್ರಿ, ಕೂಡ್ರಿ,” ಅಂದರು. “ಸೈಕಲ್ಲಿನ ಎಡಗಡೆ ಪೆಡಲ್ಲಿಗೂ ಉಲ್ಟಾ ಚೂಡಿನ ಇರತೈತಿ; ಅದನ್ನ ಬಿಚ್ಚಿದವಗ ಇದೇನು ದೊಡ್ಡ ಮಾತ್ರಿ? ಮೊದಲನೇ ದಿನಾನ ತಿಳೀತು. ಆದ್ರ ನಮ್ಮಾಕೀಗೇ ತೆಗೀಲಿಕ್ಕೆ ಬರವಲ್ದು. ಅಭ್ಯಾಸಬಲ, ಹಳೇ ದಿಕ್ಕಿಗೇ ತಿರುವಿ ತಿರುವಿ ಬಿಗಿ ಮಾಡಿ, ಕಡೀಗೆ ನನ್ನ ಕೈಗೇ ಕೊಡ್ತಾಳ. ತೆಗೆದುಕೊಟ್ಟ ಕೂಲಿ ಅಂತ ಒಂದು ತುಂಡು ಕೊಡ್ತಾಳ.”

“ಹಂಗಾರ ಸಡಿಲ ಮಾಡಿಕೊಡ್ಲೇನ್ರಿ?” ಅಂದೆ.

“ಎಲ್ಲಾ ಬಿಟ್ಟು ಸಡಿಲ ಯಾಕ್ರಿ?” ಅಂದರು, ಡಬ್ಬಿಯನ್ನು ಮೇಜಿನ ಮೇಲಿಡುತ್ತಾ. “ತಾನ ಸಡಿಲ ಆಗಾಕತ್ತೈತಿ. ಬಿಗಿ ಮಾಡಿಕೊಡ್ರಿ.”